ಗಡಿ ಕಾಡಿನ ದಾರಿ

ನಮ್ಮ ಕೋಲಾರ ಜಿಲ್ಲೆ ಬೆಟ್ಟ ಗುಡ್ಡಗಳ ಸೀಮೆ. ಮುಳಬಾಗಿಲು ಬಿಟ್ಟು ನಂಗಲಿ ದಾಟಿದರೆ ಆಂಧ್ರ. ಶ್ರೀನಿವಾಸಪುರದ ರಾಯಲ್ಪಾಡು ದಾಟಿದರೂ ಆಂಧ್ರ. ಮಾಲೂರಿನಿಂದ ಹೊಸೂರಿಗೆ ಹೋದರೆ ಅದು ತಮಿಳುನಾಡು.

ಮಳೆ ಬಿದ್ದ ಮಾರನೇ ದಿನ ಗಡಿ ಕಾಡಿನಲ್ಲಿ ನಡೆದಿದ್ದೀರಾ? ಕೆಮ್ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತೆ. ಚಪ್ಪಲಿ ಕೈಗೆ ಬರುತ್ತೆ. ಲಂಟಾನ ಪೊದೆ ಸೀರೆ ಹಿಡಿದು ಎಳೆಯುತ್ತೆ. ಜಾರುವ ಕಡೆ ಹೆಬ್ಬೆರಳು ಊರಿ ನಡೀಬೇಕು. ಸೌದೆಗೆ, ಸೀತಾಫಲಕ್ಕೆ, ತಪ್ಪಿಸಿಕೊಂಡ ದನ ಹುಡುಕೋಕೆ ಅಂತ ನಾವು ಹೆಂಗಸರು ಈ ದಾರಿ ತುಳೀತಾನೇ ಇದ್ದೀವಿ. ಆದರೆ ಆನೆ ಲದ್ದಿ ಕಂಡರೆ ಅಲ್ಲಿಂದಲೇ ಹಿಂದಕ್ಕೆ ಬನ್ನಿ. ಗಡಿಯಾಚೆ ಕೌಂಡಿನ್ಯ ಅನ್ನೋ ಆನೆ ಕಾಡು ಇದೆ. ಆನೆಗೆ ಯಾವ ರಾಜ್ಯ ಅಂತ ಗೊತ್ತಿಲ್ಲ.

ಕಾಡಿನಲ್ಲಿ ಗಡಿ ಎಲ್ಲಿದೆ? ಗೆರೆ ಕಾಣಲ್ಲ. ಮಾತಿನಿಂದಲೂ ತಿಳಿಯಲ್ಲ. ಎದುರಿಗೆ ಬಂದ ಅಜ್ಜಿ "ಎಕ್ಕಡಿಕಿ ಪೋತಾವಮ್ಮಾ?" ಅಂತ ಕೇಳ್ತಾರೆ. ಅವರು ಆಂಧ್ರದವರಾ, ನಮ್ಮ ಊರಿನವರಾ? ಹೇಳೋಕಾಗಲ್ಲ. ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು.

ಗಡಿಯಾಚೆಯ ಚಿತ್ತೂರು ಸೀಮೆ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ನಮ್ಮದು ಮೈಸೂರು ರಾಜ್ಯ. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯಗಳನ್ನು ಮಾಡಿದರು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ಭಾಷೆಗಳು ಬೆರೆತಿದ್ದು ಅದಕ್ಕೂ ಬಹಳ ಹಿಂದೆ. ಕೋಲಾರಮ್ಮನ ಗುಡಿಗೆ ಹೋದಾಗ ಕಲ್ಲಿನ ಮೇಲಿನ ಬರಹ ನೋಡಿ. ಅಲ್ಲಿ ಸುಮಾರು ಸಾವಿರ ವರ್ಷ ಹಿಂದಿನ ತಮಿಳು ಶಾಸನಗಳಿವೆ. ಆಗ ಇಲ್ಲಿ ಚೋಳರು ಆಳುತ್ತಿದ್ದರು.

ಕಾಡಿನ ದಾರಿಯಲ್ಲಿ ಒಂದು ಹುತ್ತ ಸಿಕ್ಕಿತು ಅನ್ನಿ. ನಾವು ಹುತ್ತ ಅಂತೀವಿ. ತೆಲುಗಿನವರು ಪುಟ್ಟ ಅಂತಾರೆ. ತಮಿಳರು ಪುತ್ತು ಅಂತಾರೆ. ಒಳಗಿರೋದು ನಮಗೆ ಹಾವು, ಅವರಿಗೆ ಪಾಮು, ಇವರಿಗೆ ಪಾಂಬು. ಅದಕ್ಕೆ ಎರೆಯೋದು ಹಾಲು, ಪಾಲು, ಪಾಲ್. ಗಮನಿಸಿದಿರಾ? ಅವರ 'ಪ' ನಮ್ಮಲ್ಲಿ 'ಹ' ಆಗಿದೆ. ಹಳೆಗನ್ನಡದಲ್ಲಿ ನಮ್ಮವರೂ ಪಾಲ್, ಪಾವು ಅಂತಲೇ ಹೇಳುತ್ತಿದ್ದರು. ಆಮೇಲೆ ಬದಲಾಯಿತು.

"ನಮ್ಮದು ತೆಲುಗು ಮನೆ, ಕನ್ನಡ ಅಕ್ಷರ ನಮಗೆ ಹತ್ತುತ್ತಾ?" ಅಂತ ಕೆಲವು ಅಕ್ಕಂದಿರು ಸಂಕೋಚ ಪಡ್ತಾರೆ. ಕಲಿಯೋದನ್ನೇ ಬಿಡ್ತಾರೆ. ಬಿಡಬೇಡಿ. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಬರೆದದ್ದು ಕನ್ನಡದಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಮನೆಯಲ್ಲಿ ಆಡೋ ಮಾತು ಬಿಡದೆಯೂ ಕನ್ನಡ ಕಲಿಯಬಹುದು.

ಇನ್ನೊಂದು ಲಾಭವೂ ಇದೆ. ಹಿಂದೆ ಕನ್ನಡಕ್ಕೂ ತೆಲುಗಿಗೂ ಒಂದೇ ಲಿಪಿ ಇತ್ತು. ನಿಧಾನವಾಗಿ ಎರಡಾಯಿತು. ಈಗಲೂ ಗ, ದ, ರ, ಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ. ತೆಲುಗಿನ ತಲೆಕಟ್ಟು ಮಾತ್ರ ಟೀಚರು ಹಾಕೋ ರೈಟ್ ಗುರುತಿನ ಹಾಗಿರುತ್ತೆ. ಮದನಪಲ್ಲೆ ಬಸ್ಸಿನ ತೆಲುಗು ಬೋರ್ಡನ್ನು ನಿಧಾನವಾಗಿ ನೋಡಿ. ಮ, ದ, ನ, ಪ, ಲ್ಲೆ. ಕನ್ನಡ ಬಂದವರಿಗೆ ಅದು ಗುರುತು ಸಿಗುತ್ತೆ. ಕ, ತ ಬೇರೆ ಥರ ಇವೆ, ಅವನ್ನು ಕೇಳಿ ತಿಳಿಯಬೇಕು. ತಮಿಳು ಅಕ್ಷರ ಹೀಗೆ ಸುಲಭಕ್ಕೆ ಸಿಗಲ್ಲ, ಅದನ್ನು ಬೇರೆಯಾಗೇ ಕಲಿಯಬೇಕು.

ಗಡಿಯಾಚೆಯಿಂದ ಸೊಸೆ ತರೋ ಮನೆಗಳು ನಮ್ಮಲ್ಲಿ ಬಹಳ. ಸೊಸೆ ತೆಲುಗು ಓದಿರ್ತಾಳೆ. ಇಲ್ಲಿ ರೇಷನ್ ಕಾರ್ಡು ಕನ್ನಡದಲ್ಲಿ, ಪಂಚಾಯಿತಿ ಕಾಗದ ಕನ್ನಡದಲ್ಲಿ. ಕಾಗದ ಕೈಗೆ ಕೊಟ್ಟರೆ ಸುಮ್ಮನೆ ಹೆಬ್ಬೆಟ್ಟು ಒತ್ತಿಬಿಡ್ತಾಳೆ. ಅದು ಜಮೀನಿನ ಕಾಗದವೂ ಆಗಿರಬಹುದು! ಅತ್ತೆ ಈಗ ಕನ್ನಡ ಕಲೀತಿದ್ದಾರೆ. ರಾತ್ರಿ ಅಡುಗೆ ಆದ ಮೇಲೆ ಇಬ್ಬರೂ ಒಂದೇ ದೀಪದ ಕೆಳಗೆ ಕೂತುಕೊಳ್ಳಲಿ. ಅತ್ತೆ ಕನ್ನಡದ 'ಗ' ಬರೆಯಲಿ, ಪಕ್ಕದಲ್ಲಿ ಸೊಸೆ ತೆಲುಗಿನದು ಬರೆಯಲಿ. ಯಾರು ಯಾರಿಗೆ ಪಾಠ ಹೇಳಿದರು ಅನ್ನೋ ಜಗಳ ಬೇಡ.

ಈಗ ನಿಮ್ಮ ಸರದಿ. ಬೆಟ್ಟ, ಕೆಸರು, ಹಣ್ಣು, ಬೇವು. ಇವಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ? ಕೇಳಿ ತಿಳಿದು, ಕನ್ನಡ ಅಕ್ಷರದಲ್ಲಿ ಬರೆಯಿರಿ.