ಮೆಕ್ಕೆಜೋಳಕ್ಕೆ ಅಟ್ರಾಜಿನ್: ಅಕ್ಕಡಿಯನ್ನೂ ಹಿಂಗಾರನ್ನೂ ನೋಡಿಕೊಂಡು ಹೊಡೆಯಿರಿ

ಮೆಕ್ಕೆಜೋಳ ಬೆಳೆಯುವವರಿಗೆ ಅಟ್ರಾಜಿನ್ ಹೊಸದಲ್ಲ. ಕಳೆ ಒಣಗುತ್ತದೆ, ಜೋಳ ಹಸಿರಾಗೇ ಇರುತ್ತದೆ. ಆದರೆ ಈ ಔಷಧಿ ಸುಡದೆ ಬಿಡುವುದು ಮೆಕ್ಕೆಜೋಳ, ಜೋಳ, ಕಬ್ಬಿನಂಥ ಕೆಲವೇ ಬೆಳೆಗಳನ್ನು. ಸಾಲಿನ ನಡುವೆ ತೊಗರಿಯನ್ನೋ ಅವರೆಯನ್ನೋ ಅಕ್ಕಡಿ ಹಾಕಿದ್ದರೆ ಕಳೆಯ ಜೊತೆ ಅವೂ ಹೋಗುತ್ತವೆ. ತೊಗರಿ ಅಕ್ಕಡಿಯಿರುವ ಹೊಲಕ್ಕೆ ಪೆಂಡಿಮೆಥಾಲಿನ್ ವಾಸಿ.

ಇದು ಟ್ರೈಅಜಿನ್ ಗುಂಪಿನ ರಾಸಾಯನಿಕ. ಬೇರಿನಿಂದ ಎಲೆಗೇರಿ, ಬಿಸಿಲಿನಲ್ಲಿ ಗಿಡ ಆಹಾರ ತಯಾರಿಸುವುದನ್ನೇ ತಡೆಯುತ್ತದೆ. ಬೀಜ ಮೊಳೆಯುವುದಕ್ಕೆ ಅಡ್ಡಿಯಿಲ್ಲ. ಸಸಿ ಎದ್ದ ಮೇಲೆ ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಸುಡುತ್ತದೆ. ಮೆಕ್ಕೆಜೋಳ ಮಾತ್ರ ತನ್ನೊಳಗಿನ ಗ್ಲುಟಥಯೋನ್ ಎಂಬ ವಸ್ತುವನ್ನು ಅಟ್ರಾಜಿನ್‌ಗೆ ಅಂಟಿಸಿ ಅದರ ವಿಷ ಮುರಿಯುತ್ತದೆ. ಕಾಂಗ್ರೆಸ್ ಗಿಡದ ಸಸಿ, ಅಣ್ಣೆಸೊಪ್ಪು ಇದಕ್ಕೆ ಬಗ್ಗುತ್ತವೆ. ಗರಿಕೆ, ಕೊನ್ನಾರಿ ಗಡ್ಡೆ ಜಗ್ಗುವುದಿಲ್ಲ. ಅವುಗಳಿಗೆಂದು ಪ್ರಮಾಣ ಏರಿಸಿದರೆ ದುಡ್ಡು ದಂಡ.

ಶೇ 50ರ ಪುಡಿಯಾದರೆ ಎಕರೆಗೆ 400ರಿಂದ 800 ಗ್ರಾಂ. ಕೆಂಪು ಮರಳು ಮಣ್ಣಿಗೆ ಕಡಿಮೆ, ಎರೆಗೆ ಹೆಚ್ಚು. ಬಿತ್ತಿದ ಎರಡು ಮೂರು ದಿನದೊಳಗೆ, ನೆಲ ಹಸಿಯಿರುವಾಗ, ಹಿಂದಕ್ಕೆ ಹೆಜ್ಜೆಯಿಡುತ್ತ ಹೊಡೆಯಿರಿ. ಲೀಟರ್ ನೀರಿನಲ್ಲಿ ಕರಗುವುದು ಸುಮಾರು 33 ಮಿಲಿಗ್ರಾಂ ಮಾತ್ರ, ಉಳಿದದ್ದು ಕದಡಿಕೊಂಡು ನಿಂತಿರುತ್ತದೆ. ಹಾಗಾಗಿ ಪುಡಿಯನ್ನು ಮೊದಲು ಬಕೆಟ್ಟಿನಲ್ಲಿ ಗಂಜಿಯಂತೆ ಕಲಸಿಕೊಳ್ಳಿ, ಟ್ಯಾಂಕನ್ನು ಆಗಾಗ ಅಲ್ಲಾಡಿಸಿ. ಕರಗುವುದು ಅಷ್ಟೇ ಆದರೂ ಮಣ್ಣಿನಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಅಂತರ್ಜಲಕ್ಕೆ ಇಳಿಯಬಲ್ಲದು. ಕ್ಯಾನು ತೊಳೆದ ನೀರು ಕೆರೆ, ಬೋರ್‌ವೆಲ್ ಬುಡಕ್ಕೆ ಹೋಗದಿರಲಿ.

ಹೆಚ್ಚಿನ ಎಚ್ಚರ ಬೇಕಾದದ್ದು ಅಜ್ಜಂಪುರದಂಥ ಕಡೆಯ ಎರೆ ಹೊಲಗಳಲ್ಲಿ. ಅಂಥ ಕ್ಷಾರ ಮಣ್ಣಿನಲ್ಲಿ ಅಟ್ರಾಜಿನ್ ನಿಧಾನವಾಗಿ ಕೊಳೆಯುತ್ತದೆ, ಮಳೆ ಕೈಕೊಟ್ಟ ವರ್ಷ ಇನ್ನೂ ನಿಧಾನ. ಮುಂಗಾರಿನಲ್ಲಿ ಹೊಡೆದದ್ದರ ಶೇಷ ಹಿಂಗಾರಿನ ಕಡಲೆಗೋ ಮುಂದಿನ ಈರುಳ್ಳಿಗೋ ತಗಲಬಹುದು. ಆಗ ರೈತ ಬೈಯುವುದು ಬೀಜದ ಅಂಗಡಿಯವನನ್ನು! ಬೀಜ ಚೆನ್ನಾಗಿಯೇ ಮೊಳೆತಿರುತ್ತದೆ, ಸಾಯುವುದು ಆಮೇಲೆ.

ಅನುಮಾನವಿದ್ದರೆ ಹೊಲದ ನಾಲ್ಕಾರು ಕಡೆಯಿಂದ ಮೇಲಿನ ಗೇಣುದ್ದ ಮಣ್ಣು ತೆಗೆದು ಬೆರೆಸಿ ಒಂದು ಕುಂಡಕ್ಕೆ ತುಂಬಿ. ಔಷಧಿ ಕಾಣದ ಬದುವಿನ ಮಣ್ಣು ಇನ್ನೊಂದಕ್ಕೆ. ಎರಡರಲ್ಲೂ ಬಿತ್ತಬೇಕೆಂದಿರುವ ಬೀಜವನ್ನೇ ಹಾಕಿ, ಬಿಸಿಲಿಗಿಟ್ಟು ಮೂರು ವಾರ ನೋಡಿ. ಮೊಳಕೆ ಕಂಡಕೂಡಲೇ ತೀರ್ಮಾನಕ್ಕೆ ಬರಬೇಡಿ. ಹೊಲದ ಮಣ್ಣಿನ ಸಸಿಗಳ ಎಲೆ ಮಾತ್ರ ಅಂಚಿನಿಂದ ಸುಟ್ಟರೆ ಆ ಹಿಂಗಾರಿಗೆ ಕಡಲೆ, ಈರುಳ್ಳಿ ಬಿಟ್ಟು ಬಿಳಿಜೋಳ ಬಿತ್ತಿ.