ಗುಂಡು ತಾಕಿತೋ, ಇಲ್ಲವೋ?

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಯಲಹಂಕದ ಹಾಸ್ಟೆಲ್‌ನಲ್ಲಿ ಒಂದು ದೊಡ್ಡ ಜಗಳ ಆಯ್ತು. ಕಾರಣ ಮೆಸ್ಸಿನ ಸಾಂಬಾರ್ ಅಲ್ಲ, ಓಪನ್ ಅರೀನಾ. ಗೊತ್ತಿಲ್ಲದವರಿಗೆ ಹೇಳಬೇಕು ಅಂದ್ರೆ, 1999ರಲ್ಲಿ ಬಂದ ಕ್ವೇಕ್ 3 ಅರೀನಾ ಆಟದ ಸೋರ್ಸ್ ಕೋಡನ್ನು ಐಡಿ ಸಾಫ್ಟ್‌ವೇರ್ ಕಂಪನಿ 2005ರಲ್ಲಿ ಜಿಪಿಎಲ್ ಲೈಸೆನ್ಸ್ ಅಡಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಕೋಡಿನ ಮೇಲೆ ಕಟ್ಟಿದ ಬಿಟ್ಟಿ ಆಟ ಇದು. ಸೈನ್ಸ್ ಫಿಕ್ಷನ್ ಅಖಾಡ, ಕೈಯಲ್ಲಿ ರೈಲ್‌ಗನ್, ಕಂಡವರನ್ನೆಲ್ಲ ಹೊಡೆಯೋದು. ಅಣ್ಣನ ಕಾಲದ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಅದಕ್ಕೇ ನಮಗೆ ಪ್ರೀತಿ.

ಫೆಸ್ಟ್‌ಗೆ ನಾಲ್ಕು ಜನರ ಟೀಮ್ ಮಾಡಿ ಪ್ರಾಕ್ಟೀಸ್ ಮಾಡ್ತಿದ್ದೆವು. ಸರ್ವರ್ ಇದ್ದದ್ದು ಮುಂಬೈಯ ಒಂದು ಬಾಡಿಗೆ ಕ್ಲೌಡ್ ಯಂತ್ರದಲ್ಲಿ. ನಮ್ಮಲ್ಲೊಬ್ಬ ಹಾಸ್ಟೆಲ್‌ನಿಂದ, ಕೇಬಲ್ ಹಾಕಿಕೊಂಡು ಆಡ್ತಿದ್ದ. ಇನ್ನೊಬ್ಬ ಆರ್.ಟಿ. ನಗರದ ಮನೆಯಿಂದ, ಮೊಬೈಲ್ ಹಾಟ್‌ಸ್ಪಾಟ್ ಮೇಲೆ. ಹಾಸ್ಟೆಲ್‌ನವನು ಓಡಿ ಕಂಬದ ಹಿಂದೆ ಅವಿತ. ಅವಿತ ಮೇಲೆ ಸತ್ತ. ಒಂದು ಸಲ ಅಲ್ಲ, ಮೂರು ಸಲ. "ಇವನು ವಾಲ್‌ಹ್ಯಾಕ್ ಹಾಕಿದಾನೆ ಕಣ್ರೋ, ಗೋಡೆ ಆಚೆ ಕಾಣುತ್ತೆ ಇವನಿಗೆ" ಅಂದ. ಆರ್.ಟಿ. ನಗರದವನು "ನನ್ನ ಸ್ಕ್ರೀನಲ್ಲಿ ನೀನು ಬಯಲಲ್ಲೇ ಇದ್ದೆ ಮಗಾ" ಅಂತ ಎಷ್ಟು ಹೇಳಿದರೂ ನಾವು ಕೇಳಲಿಲ್ಲ. ಅದೇ ರಾತ್ರಿ ಅವನನ್ನು ಟೀಮಿನಿಂದ ತೆಗೆದು ಹಾಕಿದೆವು.

ಆಮೇಲೆ ಕಂಪ್ಯೂಟರ್ ನೆಟ್‌ವರ್ಕ್ಸ್ ಓದ್ತಾ ಕೂತಾಗ ಹೊಟ್ಟೆಯಲ್ಲಿ ಏನೋ ಚುಚ್ಚಿತು. ಆ ರಾತ್ರಿ ಅವನ ಪಿಂಗ್ 120 ಮಿಲಿಸೆಕೆಂಡ್ ಆಸುಪಾಸಿನಲ್ಲಿತ್ತು, ಇವನದ್ದು 25. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆಯಲ್ಲಿ ಸುಮಾರು 850 ಕಿ.ಮೀ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿ.ಮೀ. ಹೋಗುತ್ತೆ. ಹೋಗಿ ಬರೋಕೆ ಒಟ್ಟು 1700 ಕಿ.ಮೀ., ಅಂದ್ರೆ 8.5 ಮಿಲಿಸೆಕೆಂಡ್ ಸಾಕು. ಪರೀಕ್ಷೆಯಲ್ಲಿ ಪ್ರಾಪಗೇಶನ್ ಡಿಲೇ ಅಂತ ಬರೆಯೋದು ಇದನ್ನೇ. ಕೇಬಲ್ ನೇರ ಗೆರೆಯಲ್ಲಿ ಹೋಗಲ್ಲ, ನಿಜ. ಆದ್ರೂ 120ರಲ್ಲಿ ಉಳಿದ ಬಹುಪಾಲು ಎಲ್ಲಿ ಹೋಯ್ತು? ಅದಕ್ಕೆ ಉತ್ತರ ಹೆಬ್ಬಾಳ ಫ್ಲೈಓವರ್. ಆರ್.ಟಿ. ನಗರದಿಂದ ಯಲಹಂಕಕ್ಕೆ ಬೆಳಿಗ್ಗೆ ಆರಕ್ಕೆ ಹೊರಟರೂ ಅದೇ ದೂರ, ಸಂಜೆ ಏಳಕ್ಕೆ ಹೊರಟರೂ ಅದೇ ದೂರ. ಕಾಲ ತಿನ್ನೋದು ರಸ್ತೆಯ ಉದ್ದ ಅಲ್ಲ, ಮುಂದೆ ನಿಂತ ಸಾಲು. ಪ್ಯಾಕೆಟ್‌ಗಳಿಗೂ ಅಷ್ಟೇ. ಮೊಬೈಲ್ ಟವರ್‌ನಲ್ಲಿ ಸರದಿಗೆ ಕಾಯಬೇಕು, ಪ್ರತಿ ರೂಟರ್‌ನಲ್ಲೂ ಸಾಲು ನಿಲ್ಲಬೇಕು.

ಈಗ ಆಟಕ್ಕೆ ಬರೋಣ. ಆಟದ ಜಗತ್ತು ನಿಜವಾಗಿ ಇರೋದು ಸರ್ವರ್‌ನಲ್ಲಿ. ನಮ್ಮ ಸ್ಕ್ರೀನಿನಲ್ಲಿ ಎದುರಾಳಿ ಕಾಣೋದು ಅವನ ಹಳೇ ಫೋಟೋ ಮಾತ್ರ. ಪಿಂಗ್ 100 ಅಂದುಕೊಳ್ಳಿ. ಆ ಫೋಟೋ ನಮ್ಮ ಹತ್ರ ಬರೋಕೆ ಸುಮಾರು 50 ಮಿಲಿಸೆಕೆಂಡ್, ನಾವು ಒತ್ತಿದ ಕ್ಲಿಕ್ ಸರ್ವರ್ ಮುಟ್ಟೋಕೆ ಇನ್ನೊಂದು 50. ಕ್ವೇಕ್ 3ರಲ್ಲಿ ಆಟಗಾರ ಓಡೋ ವೇಗ ಸೆಕೆಂಡಿಗೆ 320 ಯೂನಿಟ್. 100 ಮಿಲಿಸೆಕೆಂಡಿನಲ್ಲಿ ಅವನು 32 ಯೂನಿಟ್ ಓಡಿರ್ತಾನೆ. ಕೋಡ್ ತೆಗೆದು ನೋಡಿ, ಅವನ ಮೈಯ ಅಗಲ 30 ಯೂನಿಟ್. ಅಂದ್ರೆ ಗುಂಡು ಸರ್ವರ್ ತಲುಪುವಷ್ಟರಲ್ಲಿ ಅವನು ತನ್ನ ಇಡೀ ಮೈಯಷ್ಟು ಪಕ್ಕಕ್ಕೆ ಸರಿದಿದ್ದಾನೆ! ನಾವು ಎದೆಗೇ ಗುರಿ ಇಟ್ಟರೂ ಗುಂಡು ಖಾಲಿ ಗಾಳಿಗೆ. ಮೂಲ ಕ್ವೇಕ್ 3 ಹೀಗೇ ಇತ್ತು, ಪಿಂಗ್ ಜಾಸ್ತಿ ಇದ್ದವನು ಅಂದಾಜಿನ ಮೇಲೆ ಮುಂದಕ್ಕೆ ಗುರಿ ಇಡಬೇಕಿತ್ತು.

ಇದಕ್ಕೆ ಒಂದು ಉಪಾಯ ಇದೆ. ಹಾಫ್‌ಲೈಫ್ ಮಾಡಿದ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದಿದ್ದಾರೆ, ಆಸಕ್ತಿ ಇರೋರು ಓದಲೇಬೇಕು. ಉಪಾಯದ ಹೆಸರು ಲ್ಯಾಗ್ ಕಾಂಪನ್ಸೇಶನ್. ಕ್ರಿಕೆಟ್‌ನ ಥರ್ಡ್ ಅಂಪೈರ್ ನೆನಪಿಸಿಕೊಳ್ಳಿ. ಎಲ್ಲರೂ ಎಲ್ಲೆಲ್ಲಿದ್ದರು ಅನ್ನೋ ಲೆಕ್ಕವನ್ನು ಸರ್ವರ್ ಸ್ವಲ್ಪ ಹೊತ್ತಿನವರೆಗೆ ಇಟ್ಟುಕೊಂಡಿರುತ್ತೆ. ಕ್ಲಿಕ್ ಬಂದಾಗ, ಹೊಡೆದವನು ನೋಡುತ್ತಿದ್ದ ಆ ಗಳಿಗೆಗೆ ಉಳಿದವರನ್ನೆಲ್ಲ ಹಿಂದಕ್ಕೆ ಸರಿಸಿ ಗೆರೆ ಎಳೆಯುತ್ತೆ. ಗೆರೆ ಮೈಗೆ ತಾಕಿದರೆ ಔಟ್. ಆಮೇಲೆ ಎಲ್ಲರನ್ನೂ ಅವರವರ ಜಾಗಕ್ಕೆ ವಾಪಸ್ ತಂದು ಬಿಡುತ್ತೆ.

ಇಲ್ಲೇ ನಮ್ಮ ಜಗಳದ ಗಂಟು ಇರೋದು. ಈ ಉಪಾಯ ತಡವನ್ನು ಅಳಿಸೋದಿಲ್ಲ, ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ದಾಟಿಸುತ್ತೆ. ಮೊದಲು ಹೊಡೆಯುವವನು ನಷ್ಟ ಅನುಭವಿಸುತ್ತಿದ್ದ, ಈಗ ಹೊಡೆಸಿಕೊಂಡವನು. ಆರ್.ಟಿ. ನಗರದವನು ಗುಂಡು ಹೊಡೆದಾಗ ಅವನ ಸ್ಕ್ರೀನಿನಲ್ಲಿ ಗೆಳೆಯ ನಿಜಕ್ಕೂ ಬಯಲಲ್ಲಿದ್ದ. ಆ ಸುದ್ದಿ ಮುಂಬೈ ಸುತ್ತಿ ಯಲಹಂಕಕ್ಕೆ ಬರುವಷ್ಟರಲ್ಲಿ ಗೆಳೆಯ ಕಂಬದ ಹಿಂದೆ ಸೇರಿಕೊಂಡಿದ್ದ. ಇಬ್ಬರೂ ಕಂಡದ್ದನ್ನೇ ಹೇಳಿದರು. ಸುಳ್ಳು ಹೇಳಿದವರು ಯಾರೂ ಇಲ್ಲ. ಬರ್ನಿಯರ್ ಅವರ ಪ್ರಬಂಧದಲ್ಲೇ ಮೂಲೆ ತಿರುಗಿದ ಮೇಲೆ ಸಾಯೋ ಈ ಪ್ರಸಂಗ ಇದೆ. ನಾವು ಓದಿರಲಿಲ್ಲ, ಅಷ್ಟೆ.

ನಂಬಿಕೆ ಬರಲಿಲ್ಲ ಅಂದ್ರೆ ನಾವು ಮಾಡಿದ ಪ್ರಯೋಗ ನೀವೂ ಮಾಡಿ. ಒಂದೇ ಸ್ವಿಚ್‌ಗೆ ಕೇಬಲ್‌ನಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಸರ್ವರ್. ಒಂದು ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇರಲಿ. ಅದರ ಟಿಸಿ ಕಮಾಂಡ್‌ನಲ್ಲಿ ನೆಟ್‌ಎಮ್ ಬಳಸಿ ಹೊರಗೆ ಹೋಗೋ ಪ್ಯಾಕೆಟ್‌ಗಳಿಗೆ 100 ಮಿಲಿಸೆಕೆಂಡ್ ತಡ ಹಾಕಿ. ಓಪನ್ ಅರೀನಾ ಸರ್ವರ್‌ನಲ್ಲಿ ಡಿಲ್ಯಾಗ್ ಹಿಟ್‌ಸ್ಕ್ಯಾನ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು 0 ಮಾಡಿ ಒಬ್ಬನನ್ನು ಅಡ್ಡಡ್ಡ ಓಡಿಸಿ, ತಡ ಇರುವ ಯಂತ್ರದಿಂದ ರೈಲ್‌ಗನ್ ಹೊಡೆಯಿರಿ. ಗುರಿ ಮೈ ಮೇಲೇ ಇದ್ದರೂ ತಾಕಲ್ಲ. 1 ಮಾಡಿ ಹೊಡೆಯಿರಿ, ತಾಕುತ್ತೆ. ಈಗ ಓಡುವವನು ಕಂಬದ ಹಿಂದೆ ಅವಿತುಕೊಳ್ಳಲಿ. ಅವನ ಬಾಯಿಂದ ಬರೋ ಬೈಗುಳ ನಮ್ಮ ಹಾಸ್ಟೆಲ್‌ನವನು ಬೈದದ್ದೇ.

ರಾಕೆಟ್ ಲಾಂಚರ್‌ಗೆ ಈ ಸೆಟ್ಟಿಂಗ್ ಅನ್ವಯಿಸಲ್ಲ. ರೈಲ್‌ಗನ್ ಗುಂಡು ಒತ್ತಿದ ಕ್ಷಣವೇ ಗೆರೆ ಎಳೆದಂತೆ ತಾಕುತ್ತೆ, ಅದಕ್ಕೆ ಹಿಟ್‌ಸ್ಕ್ಯಾನ್ ಅನ್ನೋದು. ಕ್ವೇಕ್ 3ರ ರಾಕೆಟ್ ಸೆಕೆಂಡಿಗೆ 900 ಯೂನಿಟ್ ವೇಗದಲ್ಲಿ ಹಾರಿಕೊಂಡು ಹೋಗುವ ವಸ್ತು. ಅದನ್ನು ನೋಡಿ ತಪ್ಪಿಸಿಕೊಳ್ಳೋಕೆ ಎದುರಾಳಿಗೂ ಅವಕಾಶ ಬೇಕಲ್ಲ. ಆ ರಾತ್ರಿಯ ಮೂರೂ ಸಾವು ರೈಲ್‌ಗನ್‌ನವು, ರಾಕೆಟ್‌ನಿಂದ ಒಂದೂ ಇರಲಿಲ್ಲ. ಆ ಗುರುತನ್ನು ಅಂದೇ ನೋಡಿದ್ದರೆ ಸಾಕಿತ್ತು.

ಪ್ರಯೋಗ ಮುಗಿಸಿ ಮೂವರೂ ಆರ್.ಟಿ. ನಗರಕ್ಕೆ ಹೋಗಿ ಕ್ಷಮೆ ಕೇಳಿದೆವು. ಅವರಮ್ಮ ಚಿತ್ರಾನ್ನ ಕೊಟ್ಟರು. ಅವನು ನಕ್ಕ, ಆದ್ರೆ ಅಷ್ಟರಲ್ಲಿ ಸಿವಿಲ್ ಬ್ರಾಂಚ್ ಟೀಮಿಗೆ ಹೆಸರು ಕೊಟ್ಟಾಗಿತ್ತು. ಫೆಸ್ಟ್ ನಡೆದದ್ದು ನಮ್ಮದೇ ಲ್ಯಾಬ್‌ನಲ್ಲಿ, ಎಲ್ಲರಿಗೂ ಒಂದೇ ಸ್ವಿಚ್, ಒಂದೇ ಪಿಂಗ್. ಸೆಮಿಫೈನಲ್‌ನಲ್ಲಿ ಸಿವಿಲ್‌ನವರೇ ನಮಗೆ ಎದುರಾದರು. ಕಂಬದ ಹಿಂದೆ ಅವಿತುಕೊಳ್ಳೋಕೂ ಅವನು ಬಿಡಲಿಲ್ಲ.