ಉಬ್ಬಸ: ಮಗನಿಗೊಂದು ದಾರಿ, ತಾಯಿಗೊಂದು, ತಾತನಿಗೊಂದು

ಚಿಕ್ಕ ವಯಸ್ಸಿನಲ್ಲಿ ಉಬ್ಬಸ ಗಂಡುಮಕ್ಕಳನ್ನೇ ಹೆಚ್ಚು ಕಾಡುತ್ತದೆ. ಹರೆಯ ಬಂದ ಮೇಲೆ ಲೆಕ್ಕ ತಿರುಗಿ, ದೊಡ್ಡವರಲ್ಲಿ ಹೆಂಗಸರ ಸಂಖ್ಯೆಯೇ ಮೇಲಾಗುತ್ತದೆ. ಹೀಗಾಗಿ ಮನೆಮಂದಿಗೆಲ್ಲ ಒಂದೇ ಮದ್ದು, ಒಂದೇ ಪಥ್ಯ ಸಲ್ಲದು. ಒಬ್ಬೊಬ್ಬರನ್ನೂ ಹೀಗೆ ಗಮನಿಸಿ.

1. ಉಬ್ಬಸ ಕೆರಳಿಸುವ ದೂಳು ಯಾವುದೆಂದು ಪತ್ತೆ ಮಾಡಿ
ರಾಮನಗರ, ಕನಕಪುರದ ರೇಷ್ಮೆ ಕೆಲಸದಲ್ಲಿ ಗೂಡಿನ ದೂಳು, ಚಿಟ್ಟೆಯ ರೆಕ್ಕೆಯ ಹುಡಿ, ಹುಳುಮನೆಗೆ ಹಾಕುವ ಬ್ಲೀಚಿಂಗ್ ಪೌಡರ್. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಮರದ ಹೊಟ್ಟು. ಮಾಗಡಿ ಕಡೆ ರಾಗಿ ಒಕ್ಕಣೆಯ ದೂಳು. ರಜೆಯಲ್ಲಿ ಉಸಿರು ಹಗುರಾಗಿ, ಕೆಲಸಕ್ಕೆ ಹೋದ ದಿನ ಮತ್ತೆ ಕಟ್ಟಿದರೆ ವೈದ್ಯರಿಗೆ ತಪ್ಪದೆ ಹೇಳಿ. ಕೆಲಸದ ಬಟ್ಟೆಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

2. ಮಕ್ಕಳು
ರಾತ್ರಿ ಕೆಮ್ಮು, ಆಡಿದಾಗ ಏದುಸಿರು, ಎದೆಯಲ್ಲಿ ಸುಯ್‌ಗುಟ್ಟುವಿಕೆ ಮರುಕಳಿಸುತ್ತಿದೆಯೇ? ಚರ್ಮದ ತುರಿಕೆ, ಸದಾ ಸೋರುವ ಮೂಗು ಇವೆಯೇ? ಬರೆದಿಡಿ. 5 ವರ್ಷದೊಳಗಿನವರಿಗೆ ಊದುವ ಪರೀಕ್ಷೆ ಕಷ್ಟ. ನೀವು ಹೇಳುವ ವಿವರವೇ ವೈದ್ಯರಿಗೆ ಆಧಾರ. ಇನ್ಹೇಲರ್ ಕೊಟ್ಟರೆ ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಮೂಲಕವೇ ಹಾಕಿ. ಹರೆಯದಲ್ಲಿ ಉಬ್ಬಸ ತಗ್ಗಿದರೂ ಮುಂದೆ ಮರಳಬಹುದು.

3. ಹೆಂಗಸರು
ಕೆಲವರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಉಬ್ಬಸ ಏರುತ್ತದೆ. ಕ್ಯಾಲೆಂಡರಿನಲ್ಲಿ ಎರಡನ್ನೂ ಗುರುತು ಹಾಕಿ ತೋರಿಸಿ. ಬಸುರಿಯರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಉಬ್ಬಸ ಹೆಚ್ಚುತ್ತದೆ. ಮಗುವಿಗೆ ತೊಂದರೆಯೆಂದು ಹೆದರಿ ಇನ್ಹೇಲರ್ ಬಿಡಬೇಡಿ. ಹತೋಟಿ ತಪ್ಪಿದ ಉಬ್ಬಸವೇ ಮಗುವಿಗೆ ಹೆಚ್ಚು ಅಪಾಯ. ಸೌದೆ ಒಲೆಯಿದ್ದರೆ ಹೊಗೆ ಹೊರಹೋಗಲು ದಾರಿ ಮಾಡಿ.

4. ಅರವತ್ತು ದಾಟಿದವರು
‘ವಯಸ್ಸಾಯ್ತು, ದಮ್ಮು ಬರುತ್ತೆ’ ಎಂದು ಸುಮ್ಮನಾಗಬೇಡಿ. ಹೃದ್ರೋಗ, ಬೀಡಿ ಅಥವಾ ಹೊಗೆಯಿಂದ ಹಾಳಾದ ಶ್ವಾಸಕೋಶವೂ ಹೀಗೇ ಕಾಣುತ್ತವೆ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿ. ಕೆಲವು ಬಿಪಿ ಮಾತ್ರೆ, ನೋವಿನ ಮಾತ್ರೆ, ಗ್ಲಾಕೋಮಾದ ಕಣ್ಣಿನ ಹನಿಯೂ ಉಬ್ಬಸ ಕೆರಳಿಸಬಲ್ಲವು. ತೆಗೆದುಕೊಳ್ಳುವ ಔಷಧಿಯನ್ನೆಲ್ಲ ಚೀಲದಲ್ಲಿ ಒಯ್ದು ತೋರಿಸಿ, ತಾವಾಗಿಯೇ ನಿಲ್ಲಿಸಬೇಡಿ.

5. ಇನ್ಹೇಲರ್ ಬಳಕೆ
ಒತ್ತುವ ಪಂಪ್ ಆದರೆ ಅಲುಗಾಡಿಸಿ, ಉಸಿರು ಪೂರ್ತಿ ಬಿಡಿ. ಒತ್ತುತ್ತಲೇ ನಿಧಾನವಾಗಿ ಎಳೆದುಕೊಂಡು 10 ಸೆಕೆಂಡ್ ಹಿಡಿದಿಡಿ. ಸ್ಟೀರಾಯ್ಡ್ ಇನ್ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗುಳಿ. ಇನ್ಹೇಲರ್ ಚಟವಾಗುವುದಿಲ್ಲ. ಒಬ್ಬರದನ್ನು ಇನ್ನೊಬ್ಬರು ಬಳಸಬೇಡಿ.

6. ತಡಮಾಡಬಾರದ ಹೊತ್ತು
ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಗುವಿನ ಪಕ್ಕೆ ಒಳಸೆಳೆದರೆ ಕೂಡಲೇ 108ಕ್ಕೆ ಕರೆ ಮಾಡಿ. ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ವೈದ್ಯರು ಕೊಟ್ಟ ತುರ್ತು ಇನ್ಹೇಲರ್ ಹಾಕುತ್ತಾ ಆಂಬುಲೆನ್ಸ್‌ಗೆ ಕಾಯಿರಿ.